ಮೋಟಾರು ವೈಂಡಿಂಗ್‌ನವಳ ಬಯೋಡೇಟಾ

ನನ್ನ ಮೊದಲ ಬಯೋಡೇಟಾ ತಯಾರಾದದ್ದು ಕಡೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಕಂಪ್ಯೂಟರ್ ಮುಂದೆ ಕೂತಿದ್ದವನು ಹೆಸರು, ತಂದೆಯ ಹೆಸರು, ಗಂಡನ ಹೆಸರು, ಎತ್ತರ, ಧರ್ಮ, ಜಾತಿ ಎಲ್ಲವನ್ನೂ ಪಟಪಟನೆ ಕೇಳಿ ತುಂಬಿಸಿಕೊಂಡ. ಹವ್ಯಾಸ ಅನ್ನುವ ಕಡೆ ನನ್ನನ್ನು ಕೇಳದೆಯೇ ಪುಸ್ತಕ ಓದುವುದು, ಹಾಡು ಕೇಳುವುದು ಅಂತ ಹಾಕಿದ. ಆಮೇಲೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಅಕ್ಕಾ, ಎಕ್ಸ್‌ಪೀರಿಯನ್ಸ್ ಏನಂತ ಹಾಕ್ಲಿ?"

ಹದಿನಾಲ್ಕು ವರ್ಷದಿಂದ ಮೋಟಾರು ವೈಂಡಿಂಗ್ ಮಾಡುತ್ತಿದ್ದೇನೆ ಅಂತ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಆ ಅಂಗಡಿಗೂ ನಮ್ಮಪ್ಪನ ಅಂಗಡಿಗೂ ನಡುವೆ ನಾಲ್ಕೇ ಮಳಿಗೆ. ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ಇಬ್ಬರು ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರು ನಮ್ಮ ಹಳೆಯ ಗಿರಾಕಿ.

"ಏನೂ ಬೇಡಪ್ಪ, ಹೌಸ್‌ವೈಫ್ ಅಂತ ಹಾಕ್ಬಿಡು" ಅಂದೆ.

"ಭಾಷೆ?"

"ಕನ್ನಡ. ಇಂಗ್ಲಿಷ್ ಸ್ವಲ್ಪ. ಹಿಂದಿ ಅರ್ಥ ಆಗುತ್ತೆ."

"ಹೋಗೋದೆಲ್ಲಿಗೆ?"

"ಪೋಲೆಂಡ್" ಅಂದೆ, ಮೆಲ್ಲಗೆ.

"ಹಂಗಾದ್ರೆ ಆ ಭಾಷೇನೂ ಒಂಚೂರು ಬರುತ್ತೆ ಅಂತ ಸೇರಿಸ್ತೀನಿ ಇರಿ. ಯಾರ್ ಬಂದು ಪರೀಕ್ಷೆ ಮಾಡ್ತಾರೆ."

ಬೇಡ ಅನ್ನಲು ನನಗೆ ಧೈರ್ಯ ಸಾಲಲಿಲ್ಲ. ಹೀಗೆ, ನಾನು ಮಾಡುವ ಕೆಲಸ ಇಲ್ಲದ, ನನಗೆ ಬಾರದ ಭಾಷೆ ಇರುವ ಒಂದು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಅಜ್ಜಂಪುರದ ರೈಲು ಹತ್ತಿದೆ.

ನಮ್ಮಪ್ಪನದು ಮೋಟಾರು ವೈಂಡಿಂಗ್ ಅಂಗಡಿ. ನಮ್ಮ ಕಡೆ ಹೊಲಕ್ಕೊಂದು ಬೋರ್‌ವೆಲ್, ಬೋರ್‌ವೆಲ್ಲಿಗೊಂದು ಮೋಟಾರು. ವೋಲ್ಟೇಜ್ ಏರಿಳಿದು ಮೋಟಾರು ಸುಟ್ಟುಹೋದರೆ ಒಳಗಿನ ತಾಮ್ರದ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಸುತ್ತಬೇಕು. ಆ ಕೆಲಸದಲ್ಲಿ ಅಪ್ಪನಿಗೆ ಸುತ್ತಮುತ್ತ ದೊಡ್ಡ ಹೆಸರಿತ್ತು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಪ್ಪ ಅಂಗಡಿಗೆ ಕರೆದುಕೊಂಡು ಹೋದದ್ದು ಬರೆಯಲಿಕ್ಕೆ. ಹಳೆಯ ತಂತಿ ಕಿತ್ತು ಎಸೆಯುವ ಮುಂಚೆ ಒಂದೊಂದು ಕಾಯಿಲ್‌ನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ಎಷ್ಟು ಸುತ್ತಿದೆ, ತಂತಿ ಎಷ್ಟು ದಪ್ಪ, ಸ್ಟೇಟರಿನ ಯಾವ ಗಾಡಿಯಿಂದ ಯಾವ ಗಾಡಿಗೆ ಹೋಗಿದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಬೇಕು. ಸ್ಟೇಟರ್ ಅಂದರೆ ಮೋಟಾರಿನ ತಿರುಗದೆ ನಿಲ್ಲುವ ಭಾಗ. ಅದರ ಒಳಗೋಡೆಯಲ್ಲಿ ತಂತಿ ಕೂರಿಸುವ ಸೀಳುಗಳಿಗೆ ನಾವು ಗಾಡಿ ಅನ್ನುತ್ತಿದ್ದೆವು, ಪುಸ್ತಕದವರು ಸ್ಲಾಟ್ ಅನ್ನುತ್ತಾರೆ. ಅಪ್ಪ ಎಣಿಸುತ್ತಿದ್ದ, ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬರೆಯುತ್ತ ಬರೆಯುತ್ತ ಕೆಲಸವೂ ಕೈಗೆ ಹತ್ತಿತು. ಬಿದಿರಿನ ಚಕ್ಕೆಯಿಂದ ತಂತಿಯನ್ನು ನೋಯಿಸದೆ ಒಳಗೆ ತಳ್ಳುವುದು, ಕಾಗದ ಮಡಚಿ ಕೂರಿಸುವುದು, ಕೊನೆಗೆ ವಾರ್ನಿಷ್ ಹಾಕಿ ಒಣಗಿಸುವುದು, ಎಲ್ಲ.

ನನಗೆ ಇಪ್ಪತ್ತು ತುಂಬಿದ ವರ್ಷ ಅಪ್ಪನ ಬಲಗೈ ನಡುಗಲು ಶುರುವಾಯಿತು. ಒಂದು ಮಧ್ಯಾಹ್ನ ಸ್ಟೇಟರಿನೊಳಗೆ ತಂತಿ ಕೂರಿಸಲು ಹೋಗಿ ನಾಲ್ಕು ಸಲ ಅಂಚಿಗೆ ತಾಗಿಸಿದ. ತಂತಿಯ ಮೇಲಿನ ಬಣ್ಣದ ಲೇಪ ಕೆರೆದುಹೋದರೆ ಆ ತಂತಿ ಕೆಲಸಕ್ಕೆ ಬಾರದು. ಐದನೇ ಸಲಕ್ಕೆ ಅಪ್ಪ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂತ. ಆಮೇಲೆ ಸ್ಟೇಟರನ್ನು ನನ್ನ ಕಡೆ ಉರುಳಿಸಿ, "ನೀನ್ ಹಾಕವ್ವ" ಅಂದ. ನಾನು ಹಾಕಿದೆ. ಅವತ್ತಿನಿಂದ ಆ ಅಂಗಡಿಯಿಂದ ಆಚೆ ಹೋದ ಮೋಟಾರುಗಳನ್ನೆಲ್ಲ ಸುತ್ತಿದವಳು ನಾನು.

ಮಾರನೇ ವಾರ ಅಂಗಡಿಯ ಹಿಂಭಾಗಕ್ಕೆ ಅಡ್ಡಲಾಗಿ ಒಂದು ಹಸಿರು ಪರದೆ ಬಂತು. ಅಪ್ಪ ಮುಂದೆ, ನಾನು ಹಿಂದೆ.

"ರೈತ್ರು ಬೋರಿಗೆ ಇಳಿಸೋ ಮೋಟ್ರು ಕಣವ್ವ ಇದು" ಅಂದ ಅಪ್ಪ. "ಆರ್ನೂರು ಅಡಿಯಿಂದ ಮತ್ತೆ ಮೇಲಕ್ಕೆ ಎತ್ತಬೇಕು ಅಂದ್ರೆ ಅವರ ಪ್ರಾಣ ಹೋಗ್ತದೆ. ಹುಡುಗಿ ಸುತ್ತಿದ್ದು ಅಂತ ಗೊತ್ತಾದ್ರೆ ಯಾರೂ ಇಳಿಸಲ್ಲ. ಪಕ್ಕದ ಅಂಗಡಿಗೆ ಹೋಗ್ಬಿಡ್ತಾರೆ."

ನನಗೆ ಅದರಿಂದ ದುಃಖವಾಯಿತು ಅಂದರೆ ಸುಳ್ಳಾಗುತ್ತದೆ. "ನಿಮ್ಮ ಕೈ ಬಿದ್ರೆ ಮೂರು ಬೇಸ್ಗೆ ಚಿಂತೆ ಇಲ್ಲ ಕಣ್ರೀ" ಅಂತ ಯಾರಾದರೂ ಅಪ್ಪನಿಗೆ ಹೇಳಿದರೆ ಪರದೆಯ ಹಿಂದೆ ನನಗೆ ಮೈ ಜುಮ್ ಅನ್ನುತ್ತಿತ್ತು. ಆ ಕೈ ನನ್ನದು ಅಂತ ಗೊತ್ತಿದ್ದವರು ನಾವಿಬ್ಬರೇ ಅಂದುಕೊಂಡಿದ್ದೆ. ಅದೂ ಒಂದು ಸುಖವೇ.

ಇಪ್ಪತ್ತಮೂರಕ್ಕೆ ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ನಮ್ಮನೆಯವರದು ಹಿಟ್ಟಿನ ಗಿರಣಿ. ಹುಷಾರಿಲ್ಲದ ಅಪ್ಪನನ್ನು ನೋಡಿಕೊಳ್ಳಲು ಅಂತ ಹೇಳಿ ವಾರದಲ್ಲಿ ನಾಲ್ಕು ದಿನ ಬೆಳಗಿನ ರೈಲಿಗೆ ಕಡೂರಿಗೆ ಹೋಗಿಬರುತ್ತಿದ್ದೆ. ನಮ್ಮನೆಯವರೂ ಮೊದಲು ಅದನ್ನೇ ನಂಬಿದ್ದರು. ಮದುವೆಯಾದ ಎಂಟನೇ ತಿಂಗಳಿಗೆ, ಹಬ್ಬದ ಹಿಟ್ಟಿಗೆ ಜನ ಸಾಲುಗಟ್ಟಿದ್ದಾಗ, ಗಿರಣಿಯ ಮೋಟಾರು ಹೊಗೆ ಕಾರಿ ನಿಂತುಬಿಟ್ಟಿತು. ಅದನ್ನು ಬಿಚ್ಚಿ ರಿಪೇರಿಗೆ ಆಟೋ ಹತ್ತಿಸಲು ಅವರು ಓಡಾಡುತ್ತಿದ್ದರೆ ನಾನು ಸೆರಗು ಸಿಕ್ಕಿಸಿ ಗಿರಣಿಯ ನೆಲದ ಮೇಲೆ ಕೂತೆ. ಎರಡು ದಿನದಲ್ಲಿ ಮೋಟಾರು ತಿರುಗಿತು. ಅವರು ಅದರ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದರು.

"ಲೇ, ಬಿಸಿನೇ ಆಗ್ತಿಲ್ವಲ್ಲೇ" ಅಂದರು. ಆಮೇಲೆ, "ಯಾರಾದ್ರೂ ಕೇಳಿದ್ರೆ ಯಾರ್ ಸುತ್ತಿದ್ದು ಅಂತ ಹೇಳ್ಲಿ?"

"ಅಪ್ಪ ಅಂತ್ಲೇ ಹೇಳಿ."

ಅವರಿಗೆ ಅದು ಹಿಡಿಸಲಿಲ್ಲ. ಆದರೂ ಹಾಗೇ ಹೇಳಿದರು.

ಪೋಲೆಂಡಿನ ವಿಷಯ ಬಂದದ್ದು ಮೊಬೈಲಿನಲ್ಲಿ. ವೈಂಡಿಂಗ್ ಕೆಲಸದವರ ಗುಂಪೊಂದರಲ್ಲಿ ಅಪ್ಪನ ಹೆಸರಿನಲ್ಲಿ ನಾನೇ ಇದ್ದೆ. ಅಲ್ಲಿ ಯಾರೋ ಒಂದು ಜಾಹೀರಾತು ಹಾಕಿದ್ದರು: ಕಾರ್ಖಾನೆಗಳ ದೊಡ್ಡ ಮೋಟಾರುಗಳನ್ನು ರಿಪೇರಿ ಮಾಡುವ ಒಂದು ಸಂಸ್ಥೆಗೆ ವೈಂಡರ್‌ಗಳು ಬೇಕು, ಎರಡು ವರ್ಷದ ಕರಾರು, ಅಲ್ಲಿಯ ಭಾಷೆ ಬರದಿದ್ದರೂ ಅರ್ಜಿ ಹಾಕಬಹುದು. ಕೆಳಗೊಂದು ಚಿತ್ರವಿತ್ತು. ಒಂದು ಸ್ಟೇಟರಿನ ಒಳಗೆ ಒಬ್ಬಾತ ನೆಟ್ಟಗೆ ನಿಂತು ಕಾಯಿಲ್ ಕೂರಿಸುತ್ತಿದ್ದ. ಒಳಗೆ ನಿಂತು! ನಾನು ಅದುವರೆಗೆ ಮುಟ್ಟಿದ ಅತಿ ದೊಡ್ಡ ಮೋಟಾರು ಲಕ್ಕವಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯದು. ಅದರೊಳಗೆ ಮೊಣಕೈವರೆಗೆ ಕೈ ಹೋಗುತ್ತಿತ್ತು, ಅಷ್ಟೇ. ಆ ಚಿತ್ರವನ್ನು ಎರಡು ದಿನ ಮತ್ತೆ ಮತ್ತೆ ತೆಗೆದು ನೋಡಿದೆ. ಮೂರನೇ ದಿನ ನಮ್ಮನೆಯವರಿಗೆ ತೋರಿಸಿದೆ.

ಅವರು ಚಿತ್ರ ನೋಡಿದರು, ನನ್ನ ಮುಖ ನೋಡಿದರು.

"ಹೋಗ್ಬೇಕು ಅನ್ಸುತ್ತಾ?"

"ಹೂಂ ರೀ."

"ಎರಡು ವರ್ಷ ಅಲ್ವಾ. ಮಗೂನ ನಾನ್ ನೋಡ್ಕತೀನಿ. ಹಾಕು ಅರ್ಜಿ."

ಮಗಳಿಗೆ ಆಗ ಹತ್ತು ವರ್ಷ. ಅವಳ ಜಡೆ ಹಾಕುವುದು ಬಿಟ್ಟರೆ ಉಳಿದಿದ್ದೆಲ್ಲ ಅವರಿಗೆ ಬರುತ್ತಿತ್ತು. ಜಡೆಯನ್ನೂ ಆಮೇಲೆ ಕಲಿತರು.

ಜೆರಾಕ್ಸ್ ಅಂಗಡಿಯ ಹಾಳೆಯನ್ನು ಕಳಿಸಿದ ಹತ್ತನೇ ದಿನ ಇಂಗ್ಲಿಷಿನಲ್ಲಿ ಎರಡು ಸಾಲಿನ ಉತ್ತರ ಬಂತು. ನಮಗೆ ಬೇಕಾಗಿರುವುದು ಅನುಭವ ಇರುವ ವೈಂಡರ್‌ಗಳು, ನಿಮ್ಮ ಬಯೋಡೇಟಾದಲ್ಲಿ ಅಂಥ ಕೆಲಸ ಯಾವುದೂ ಕಾಣಲಿಲ್ಲ ಅಂತ. ಓದಿ ಸಿಟ್ಟು ಬಂತು. ಅವರ ಮೇಲಲ್ಲ. ಅವರು ಹೇಳಿದ್ದು ಸರಿಯಾಗಿತ್ತು.

ನಮ್ಮನೆಯವರೇ ವಿಚಾರಿಸಿ ತರೀಕೆರೆಯ ಒಬ್ಬ ಮೇಡಂ ವಿಷಯ ತಿಳಿದುಕೊಂಡು ಬಂದರು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತರಾದವರು. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಕಾಗದಪತ್ರ ನೋಡಿಕೊಡುತ್ತಾರಂತೆ. ಒಂದು ಭಾನುವಾರ ಅವರ ಮನೆಗೆ ಹೋದೆ. ಕನ್ನಡಕ ಏರಿಸಿ ನನ್ನ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಇದ್ರಲ್ಲಿ ನೀನೆಲ್ಲಿದೀಯಮ್ಮ?" ಅಂದರು.

ನನಗೆ ಅರ್ಥವಾಗಲಿಲ್ಲ.

"ನಿಮ್ಮ ಯಜಮಾನ್ರು ಫೋನಲ್ಲಿ ಮೋಟ್ರು ವೈಂಡಿಂಗ್ ಮಾಡ್ತಾಳೆ ಅಂದ್ರು. ಇಲ್ಲಿ ನೋಡಿದ್ರೆ ಹಾಡು ಕೇಳೋ ಹೌಸ್‌ವೈಫ್ ಇದಾರೆ. ಎಲ್ಲಿ, ಕೈ ತೋರ್ಸು."

ತೋರಿಸಿದೆ. ಹೆಬ್ಬೆರಳಿನ ಪಕ್ಕ ತಂತಿ ಎಳೆದೂ ಎಳೆದೂ ಗಟ್ಟಿಯಾದ ಚರ್ಮವನ್ನು ತಮ್ಮ ಬೆರಳಿನಿಂದ ಮುಟ್ಟಿ ನೋಡಿದರು. ಉಗುರಿನ ಸಂದಿಯ ವಾರ್ನಿಷ್ ಕಲೆ ನೋಡಿದರು. ಅವರ ದನಿ ಬದಲಾಯಿತು.

"ಎಷ್ಟ್ ವರ್ಷ ಆಯ್ತು?"

"ಹದಿನಾಲ್ಕು."

"ಯಾಕ್ ಬರ್ದಿಲ್ಲ?"

ಎಲ್ಲವನ್ನೂ ಹೇಳಿದೆ. ಪರದೆ, ಅಪ್ಪನ ಕೈ, ಗಿರಾಕಿಗಳು. ಅಷ್ಟು ವರ್ಷದಲ್ಲಿ ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು. ಅವರು ಒಳಗೆ ಹೋಗಿ ಕಾಫಿ ಮಾಡಿ ತಂದರು. ಆಮೇಲೆ ಒಂದು ಕೆಂಪು ಪೆನ್ನು ತೆಗೆದುಕೊಂಡು ಎತ್ತರ, ಧರ್ಮ, ಜಾತಿ, ಹವ್ಯಾಸ ಎಲ್ಲವನ್ನೂ ಹೊಡೆದುಹಾಕಿದರು. ಪೋಲಿಷ್ ಸ್ವಲ್ಪ ಬರುತ್ತದೆ ಅನ್ನುವುದರ ಮೇಲೆ ಪೆನ್ನು ನಿಂತಿತು.

"ಇದು ಬರುತ್ತಾ?"

"ಇಲ್ಲ ಮೇಡಂ."

"ಮೊದಲ ಮಾತಿಗೇ ಸಿಕ್ಕಾಕ್ಕೊಳ್ತೀಯ. ಆಮೇಲೆ ನೀನ್ ಹೇಳೋ ನಿಜಾನೂ ಅವರು ನಂಬಲ್ಲ. ಬರಲ್ಲ ಅಂತ ಬರಿ. ಕಲೀತಿದೀನಿ ಅಂತ ಬರಿ. ಬರೆದ ಮೇಲೆ ಕಲಿ. ಕೆಲಸದ ಜಾಗದಲ್ಲಿ ಬೇಕಾಗೋ ಐವತ್ತು ಪದ ಸಾಕು. ನಿಂಗೆ ಅವರ ಭಾಷೆ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಹಂಗಾಗಿ ಈ ಹಾಳೇಲಿ ಮಾತು ಕಡಿಮೆ ಇರ್ಬೇಕು ಕಣಮ್ಮ, ಕೆಲಸ ಜಾಸ್ತಿ ಇರ್ಬೇಕು. ಯಾವ ಮೋಟ್ರು, ಎಷ್ಟು ಎಚ್‌ಪಿ, ಏನ್ ಮಾಡಿದೆ, ಹೆಂಗೆ ಪರೀಕ್ಷೆ ಮಾಡಿದೆ. ಓದೋನೂ ಇದೇ ಕೆಲಸದವನಾದ್ರೆ ಅಂಕಿ ನೋಡ್ತಿದ್ದಂಗೆ ಗೊತ್ತಾಗುತ್ತೆ."

ಕೊನೆಗೆ ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದರು. "ನಿಮ್ಮಪ್ಪನ ಹತ್ರ ಒಂದು ಪತ್ರ ಬೇಕಾಗುತ್ತೆ. ಈ ಅಂಗಡೀಲಿ ಕೆಲಸ ಮಾಡ್ದೋಳು ಇವಳೇ ಅಂತ. ಅದಿಲ್ದೆ ಆಗಲ್ಲ."

ತರೀಕೆರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆ ಕೊನೆಯ ಮಾತೊಂದೇ.

ಮೊದಲು ನೋಟ್‌ಬುಕ್ಕುಗಳ ಕೆಲಸ ಹಿಡಿದೆ. ಅಪ್ಪನ ಅಂಗಡಿಯ ಅಟ್ಟದ ಮೇಲೆ ಕಂದು ರಟ್ಟಿನ ಉದ್ದ ಪುಸ್ತಕಗಳು ಸಾಲಾಗಿದ್ದವು. ಒಂದೊಂದು ಮೋಟಾರಿಗೂ ಒಂದೊಂದು ಪುಟ. ಕೆಳಗಿಳಿಸಿ ಧೂಳು ಒರೆಸಿ ನೋಡುತ್ತ ಹೋದೆ. ಹಳೆಯ ಪುಸ್ತಕಗಳಲ್ಲಿ ಅಪ್ಪನ ದುಂಡನೆಯ ಅಕ್ಷರ. ಆಮೇಲೆ ಲೆಕ್ಕ ನನ್ನ ಅಕ್ಷರದಲ್ಲಿ, ಕೆಳಗೆ ಅಪ್ಪನ ಸಹಿ. ಒಂದು ಪುಟದಲ್ಲಿ ಆ ಸಹಿ ಅಲುಗಾಡಿತ್ತು. ಮುಂದಿನ ಪುಟಗಳಲ್ಲಿ ಇನ್ನಷ್ಟು ಅಲುಗಾಡಿತು. ಅದರಿಂದಾಚೆಗೆ ಸಹಿಯೇ ಇಲ್ಲ, ಪೂರ್ತಿ ನನ್ನ ಅಕ್ಷರ. ಸಣ್ಣ ಗಿರಣಿಯ ಮೋಟಾರು, ತೆಂಗಿನ ತೋಟದ ಬೋರಿನ ಮೋಟಾರು, ಅಮೃತಾಪುರದ ಹತ್ತಿರ ಕಲ್ಲು ಕೊಯ್ಯುವವರ ಮೋಟಾರು, ಐಸ್ ಫ್ಯಾಕ್ಟರಿಯದು, ಅಕ್ಕಿ ಗಿರಣಿಯದು. ಇಷ್ಟೆಲ್ಲ ನಾನೇ ಮಾಡಿದ್ದೇ ಅನ್ನಿಸಿತು. ಒಂದೊಂದಾಗಿ ಮಾಡುವಾಗ ಯಾವತ್ತೂ ಒಟ್ಟಿಗೆ ನೋಡಿರಲಿಲ್ಲ. ಅಟ್ಟದ ಕೆಳಗೆ ನೆಲದ ಮೇಲೆ ಹರಡಿದ್ದ ಆ ಪುಸ್ತಕಗಳ ನಡುವೆ ಕೂತು ನನಗೆ ನನ್ನ ಬಗ್ಗೆಯೇ ಬೆರಗಾಯಿತು.

ಅಪ್ಪ ಮುಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಪೋಲೆಂಡಿನ ವಿಷಯ ಅವನಿಗೆ ಮೊದಲೇ ಹೇಳಿದ್ದೆ. ಹೂಂ ಅಂದಿದ್ದ, ಅಷ್ಟೇ. ಈಗ ಪತ್ರದ ವಿಷಯ ಹೇಳಿದೆ.

"ಏನಂತ ಬರೀಬೇಕು?"

"ಇದ್ದದ್ದನ್ನ ಬರೀಬೇಕಪ್ಪ. ನಿನ್ನ ಕೈ ಹೋದ ಮೇಲೆ ಇಲ್ಲಿ ವೈಂಡಿಂಗ್ ಎಲ್ಲಾ ನಾನೇ ಮಾಡಿದ್ದು ಅಂತ."

ಅಪ್ಪ ಎದ್ದು ಆಚೆ ಹೋದ. ಸಂಜೆಯವರೆಗೂ ಬರಲಿಲ್ಲ. ಮಾರನೇ ದಿನ ಬಂದಾಗಲೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಐದು ದಿನ ಹೀಗೇ ಕಳೆಯಿತು. ಆ ಐದು ದಿನದಲ್ಲಿ ನನಗೆ ಎಷ್ಟೋ ಸಲ ಅನ್ನಿಸಿತು, ಬೇಡ, ಮುದುಕನ ಹೆಸರು ಯಾಕೆ ಕೆಡಿಸಬೇಕು ಅಂತ. ಹೆಸರು ಒಂದೇ ತಾನೇ ಅವನಿಗೆ ಉಳಿದದ್ದು.

ಆರನೇ ದಿನ ಸಖರಾಯಪಟ್ಟಣದಿಂದ ತೆಂಗಿನ ತೋಟದವರೊಬ್ಬರು ಆಟೋದಲ್ಲಿ ಮೋಟಾರು ಹಾಕಿಕೊಂಡು ಬಂದರು. ಅಪ್ಪನ ಮೂವತ್ತು ವರ್ಷದ ಗಿರಾಕಿ. ನಾನು ಪರದೆಯ ಹಿಂದಿದ್ದೆ. ಅವರು ಕೂತು ಎಲೆ ಅಡಿಕೆ ಹಾಕಿಕೊಂಡು, "ಅಣ್ಣ, ಈ ಸಲನೂ ನೀವೇ ಕೈಯಾರೆ ಮಾಡ್ಕೊಡ್ಬೇಕು" ಅಂದರು.

ಅಪ್ಪನ ದನಿ ಕೇಳಿಸಿತು, ಬೇಕಾದ್ದಕ್ಕಿಂತ ಜೋರಾಗಿ.

"ನಾನ್ ಮಾಡಲ್ಲ ಕಣಯ್ಯ. ನನ್ ಕೈಲಿ ಆಗಲ್ಲ. ಹದಿನಾಲ್ಕು ವರ್ಷ ಆಯ್ತು, ನಿನ್ ಮೋಟ್ರೆಲ್ಲ ಸುತ್ತಿರೋದು ನನ್ ಮಗಳು."

ನನ್ನ ಕೈಯಲ್ಲಿದ್ದ ತಂತಿಯನ್ನು ಹಾಗೇ ಹಿಡಿದುಕೊಂಡು ಕೂತೆ.

"ಅದು ಗೊತ್ತಿರೋ ವಿಷ್ಯನೇ ಅಲ್ವಾ" ಅಂದರು ಅವರು. "ನಿಮ್ ಕೈ ನಾವು ನೋಡ್ತಿರ್ಲಿಲ್ವಾ? ಕಾಫಿ ಲೋಟ ಹಿಡ್ಕಳಕ್ಕಾಗಲ್ಲ ನಿಮಗೆ. ಪರದೆ ಕೆಳಗೆ ಆ ಯಮ್ಮನ ಕಾಲು ಕಾಣ್ತವೆ ದಿನಾ. ನೀವು ಹೇಳಲ್ಲ, ನಾವ್ ಯಾಕ್ ಕೇಳ್ಬೇಕು ಅಂತ ಸುಮ್ಕಿದ್ವಿ."

"ಎಲ್ರಿಗೂ ಗೊತ್ತಾ?"

"ಎಲ್ರಿಗೂ ಗೊತ್ತು ಕಣ್ರೀ. ಆ ಯಮ್ಮ ಬರೋ ದಿನ ನೋಡ್ಕಂಡೇ ಮೋಟ್ರು ತರೋದು ನಾವು."

ಅಪ್ಪ ನಕ್ಕ. ನಗು ಕೆಮ್ಮಾಯಿತು. ನಾನು ಪರದೆ ಸರಿಸಿ ಆಚೆ ಬಂದೆ. ಅಪ್ಪನ ಕಣ್ಣಲ್ಲಿ ನೀರಿತ್ತು. ಕೆಮ್ಮಿನದು ಅಂತ ಒರೆಸಿಕೊಂಡ. ಸಖರಾಯಪಟ್ಟಣದವರು ಏನೂ ಆಗದವರ ಹಾಗೆ ನನ್ನ ಕಡೆ ತಿರುಗಿ, "ಹೋದ್ಸಲ ನೀವ್ ಹಾಕಿದ್ದು ನಾಲ್ಕು ಬೇಸ್ಗೆ ಬಂತು ಕಣವ್ವ" ಅಂದರು. ಜೀವನದಲ್ಲಿ ಗಿರಾಕಿಯೊಬ್ಬರು ನನಗೇ ನೇರವಾಗಿ ಹೇಳಿದ ಮೊದಲ ಮಾತು ಅದು.

ಅವರು ಹೋದ ಮೇಲೆ ಅಪ್ಪ ಅಂಗಡಿಯ ಲೆಟರ್‌ಹೆಡ್ ತೆಗೆದ. ಬರೆಯಲು ಆಗದ್ದರಿಂದ ಅವನು ಹೇಳಿದ, ನಾನು ಬರೆದುಕೊಂಡೆ. ಹೇಳುವಾಗ ಮುಖ ನನ್ನ ಕಡೆ ತಿರುಗಿಸಲಿಲ್ಲ.

"ಬರಿ. ಈ ಅಂಗಡಿಯ ಕೆಲಸವನ್ನು ಹದಿನಾಲ್ಕು ವರ್ಷದಿಂದ ನನ್ನ ಮಗಳು ಮಾಡಿರುತ್ತಾಳೆ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಮಾಡಿರುತ್ತಾಳೆ."

"ಅದೆಲ್ಲಾ ಬೇಡಪ್ಪ. ಮೊದಲ ಸಾಲು ಸಾಕು."

"ಅಂಗಡಿ ನಂದು, ಪತ್ರ ನಂದು. ನಾನ್ ಹೇಳ್ದಂಗೆ ಬರಿ."

ಕೊನೆಗೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಸಹಿ ಹಾಕಿದ. ಒಂದು ಸಹಿಗೆ ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋಗಲಿಲ್ಲ.

ಮೇಡಂ ಆ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಟ್ಟರು, ಎರಡನೇ ವಾಕ್ಯವನ್ನೂ ಬಿಡದೆ. ಇಬ್ಬರೂ ಸೇರಿ ಹೊಸ ಬಯೋಡೇಟಾ ಮಾಡಿದೆವು. ಎರಡು ಪುಟ. ಮೊದಲ ಪುಟದಲ್ಲಿ ನಾನು ಯಾರು, ಎಷ್ಟು ವರ್ಷದಿಂದ ಏನು ಮಾಡುತ್ತಿದ್ದೇನೆ, ಯಾವ ಯಾವ ಬಗೆಯ ಮೋಟಾರು, ಯಾವ ಅಳತೆಯವರೆಗೆ. ಎರಡನೇ ಪುಟದಲ್ಲಿ ನೋಟ್‌ಬುಕ್ಕಿನಿಂದ ಆರಿಸಿದ ಆರು ಮೋಟಾರುಗಳ ವಿವರ, ಪಕ್ಕದಲ್ಲಿ ಕೆಲಸದ ಫೋಟೋ. ಆರನೆಯದಕ್ಕೆ ನಾನು ಐಸ್ ಫ್ಯಾಕ್ಟರಿಯದನ್ನು ಹಾಕೋಣ ಅಂದೆ. ಮೇಡಂ, "ನೀನ್ ಮಾಡಿ ಕೆಟ್ಟೋಗಿದ್ದು ಯಾವ್ದಾದ್ರೂ ಇದ್ಯಾ?" ಅಂತ ಕೇಳಿದರು.

ಇತ್ತು. ಲಕ್ಕವಳ್ಳಿ ಕಡೆಯ ಆ ಅಕ್ಕಿ ಗಿರಣಿಯ ಮೋಟಾರು. ಕಾಯಿಲ್‌ಗಳ ಒಂದು ಗುಂಪನ್ನು ತಿರುವುಮುರುವಾಗಿ ಜೋಡಿಸಿಬಿಟ್ಟಿದ್ದೆ. ಸ್ವಿಚ್ ಹಾಕಿದ ಕೂಡಲೇ ಗುಂಯ್ ಅಂತ ಒದರಿ ಬಿಸಿಯಾಗಿತ್ತು. ತಪ್ಪು ಹುಡುಕಿ ಮತ್ತೆ ಜೋಡಿಸಿಕೊಟ್ಟಿದ್ದೆ.

"ಅದನ್ನ ಹಾಕು."

"ಮೇಡಂ, ತಪ್ಪನ್ನ ಹಾಕೋದಾ?"

"ತಪ್ಪು ಏನು, ಹೆಂಗೆ ಹುಡುಕಿದೆ, ಆಮೇಲೆ ಏನ್ ಬದಲಾಯಿಸ್ಕೊಂಡೆ. ಮೂರೇ ಸಾಲು. ಒಂದೂ ಕೆಡಿಸ್ದೇ ಇರೋ ವೈಂಡರ್‌ನ ಯಾರೂ ನಂಬಲ್ಲಮ್ಮ."

ಭಾಷೆಯ ಸಾಲಿನಲ್ಲಿ ಪೋಲಿಷ್ ಬರುವುದಿಲ್ಲ, ಕಲಿಯುತ್ತಿದ್ದೇನೆ ಅಂತ ಬರೆದೆವು. ಬರೆದ ಮೇಲೆ ಕಲಿಯಲೇಬೇಕಾಯಿತು. ಮೊಬೈಲಿನಲ್ಲಿ ಕೇಳಿಸಿಕೊಂಡು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮೋಟಾರಿಗೆ ಶಿಲ್ನಿಕ್. ತಂತಿಗೆ ದ್ರುತ್. ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಬಾಯಿಪಾಠ ಮಾಡುತ್ತಿದ್ದೆ. ಎದುರಿಗೆ ಕೂತವರು ಏನೋ ಮಂತ್ರ ಅಂದುಕೊಂಡಿರಬೇಕು. ರಾತ್ರಿ ಊಟಕ್ಕೆ ಕೂತಾಗ ಮಗಳು ಪರೀಕ್ಷೆ ಮಾಡುತ್ತಿದ್ದಳು, ತಪ್ಪಾದರೆ ಕೈ ತಟ್ಟಿ ನಗುತ್ತಿದ್ದಳು.

ಈ ಸಲ ಉತ್ತರ ಮೂರೇ ದಿನಕ್ಕೆ ಬಂತು. ವಿಡಿಯೋದಲ್ಲಿ ಮಾತಾಡಬೇಕು ಅಂತ.

ಸಂದರ್ಶನಕ್ಕೆ ಮೇಡಂ ಮನೆಯಲ್ಲೇ ಕೂತೆ. ಅವರು ಕ್ಯಾಮೆರಾಗೆ ಕಾಣದಂತೆ ಮೂಲೆಯ ಕುರ್ಚಿಯಲ್ಲಿ ಕೂತು, ತಾವು ಬಾಯಿ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ಆ ಕಡೆ ಬಿಳಿ ಗಡ್ಡದ ಒಬ್ಬ ಇಂಜಿನಿಯರ್, ಪಕ್ಕದಲ್ಲಿ ಅವನ ಮಾತನ್ನು ಇಂಗ್ಲಿಷಿಗೆ ಮಾಡುವ ಒಬ್ಬ ಹುಡುಗಿ. ಅವನು ನಮಸ್ಕಾರ ಮಾಡಿದ ಮೇಲೆ ಏನೂ ಹೇಳದೆ ಒಂದು ಹಾಳೆಯನ್ನು ಕ್ಯಾಮೆರಾಗೆ ಹಿಡಿದ. ಕಾಯಿಲ್‌ಗಳನ್ನು ಜೋಡಿಸುವ ನಕ್ಷೆ. ಬೆರಳಿನಿಂದ ಒಂದೊಂದೇ ಗೆರೆ ಹಿಡಿದು ನೋಡುತ್ತ ಬಂದೆ. ಐದನೇ ಕಾಯಿಲ್ ಉಲ್ಟಾ ಇತ್ತು. ನನ್ನ ಹಾಳೆಯ ಮೇಲೆ ಅದೊಂದನ್ನೇ ಬರೆದು, ಸರಿಯಾದ ದಿಕ್ಕಿಗೆ ಬಾಣದ ಗುರುತು ಹಾಕಿ ತೋರಿಸಿದೆ. ಅವನು ತಲೆಯಾಡಿಸಿದ.

ಆಮೇಲೆ ನನ್ನ ಬಯೋಡೇಟಾ ಎತ್ತಿಕೊಂಡು ನೇರ ಆರನೇ ಮೋಟಾರಿಗೆ ಹೋದ. ಇಂಥ ತಪ್ಪು ಮತ್ತೆ ಆಗದಂತೆ ಏನು ಮಾಡುತ್ತೀಯ ಅಂತ ಆ ಹುಡುಗಿ ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಇಂಗ್ಲಿಷ್ ಹೊಳೆಯಲಿಲ್ಲ. ಮೂಲೆಯಲ್ಲಿದ್ದ ಮೇಡಂ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನು ಎರಡೂ ಕೈಯನ್ನು ದುಂಡಗೆ ಮಾಡಿ ಸ್ಟೇಟರಿನ ಹಾಗೆ ಹಿಡಿದೆ. ಅದರೊಳಗೆ ಏನೋ ಚಿಕ್ಕದನ್ನು ಹಾಕಿದ ಹಾಗೆ ಮಾಡಿದೆ. ಆಮೇಲೆ ಬೆರಳನ್ನು ಒಳಗೋಡೆಯ ಸುತ್ತ ಗರಗರ ತಿರುಗಿಸಿದೆ. ಬೇರಿಂಗಿನ ಒಂದು ಕಬ್ಬಿಣದ ಗುಂಡನ್ನು ಸ್ಟೇಟರಿನೊಳಗೆ ಬಿಟ್ಟು ಕಡಿಮೆ ಕರೆಂಟು ಕೊಟ್ಟರೆ, ಜೋಡಣೆ ಸರಿಯಿದ್ದಾಗ ಆ ಗುಂಡು ಒಳಗೆ ಸುತ್ತು ಓಡುತ್ತದೆ. ತಪ್ಪಿದ್ದರೆ ಒಂದು ಕಡೆ ನಿಂತು ನಡುಗುತ್ತದೆ. ಅದನ್ನು ಅಪ್ಪ ಕಲಿಸಿದ್ದ, ಅವಸರದಲ್ಲಿ ಅವತ್ತು ನಾನು ಬಿಟ್ಟಿದ್ದೆ, ಆಮೇಲೆ ಯಾವತ್ತೂ ಬಿಟ್ಟಿಲ್ಲ. ನಡುಗುವುದನ್ನೂ ಬೆರಳಿನಲ್ಲೇ ತೋರಿಸಿದೆ.

ಆ ಹುಡುಗಿ ಏನೂ ಅರ್ಥವಾಗದೆ ಪಿಳಿಪಿಳಿ ನೋಡುತ್ತಿದ್ದಳು. ಇಂಜಿನಿಯರ್ ಎದ್ದು ಹೋದ. ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಅಂಗೈಯನ್ನು ಕ್ಯಾಮೆರಾದ ಹತ್ತಿರ ತಂದು ಬಿಚ್ಚಿದ. ಅಂಗೈಯಲ್ಲಿ ಒಂದು ಕಬ್ಬಿಣದ ಗುಂಡಿತ್ತು.

ಇಬ್ಬರೂ ನಕ್ಕೆವು. ಆಮೇಲೆ ಅವನು ಒಂದೇ ಒಂದು ಪ್ರಶ್ನೆ ಕೇಳಿದ: ಯಾರ ಜೊತೆಯೂ ಮಾತಾಡಲು ಆಗದ ಕಡೆ ಹೇಗೆ ಕೆಲಸ ಮಾಡುತ್ತೀಯ? ನಾನು ನನ್ನ ಹರುಕು ಇಂಗ್ಲಿಷಿನಲ್ಲಿ, ಹದಿನಾಲ್ಕು ವರ್ಷ ಪರದೆಯ ಹಿಂದೆ ಯಾರ ಜೊತೆಯೂ ಮಾತಾಡದೆ ಕೆಲಸ ಮಾಡಿದ್ದೇನೆ, ಮಾತು ಬೇಕಾದರೆ ಕಲಿಯುತ್ತೇನೆ ಅಂದೆ. ಹೇಳಿ, ಶಿಲ್ನಿಕ್, ದ್ರುತ್ ಅಂತ ನನಗೆ ಗೊತ್ತಿದ್ದ ಐವತ್ತೂ ಪದಗಳನ್ನು ಒಂದರ ಹಿಂದೆ ಒಂದು ಒದರತೊಡಗಿದೆ. ನಲವತ್ತರ ಹತ್ತಿರ ಬಂದಾಗ ಅವನು ಸಾಕು ಸಾಕು ಅಂತ ಕೈ ಎತ್ತಿದ.

ಕೆಲಸ ಸಿಕ್ಕಿದ ವಿಷಯ ತಿಳಿಸಲು ಕಡೂರಿಗೆ ಹೋದಾಗ ಪರದೆ ಇರಲಿಲ್ಲ. ಅಪ್ಪ ಅದನ್ನು ಕಿತ್ತು ಮೋಟಾರು ಒರೆಸುವ ಬಟ್ಟೆ ಮಾಡಿಕೊಂಡಿದ್ದ.

ಪೋಲೆಂಡಿಗೆ ಹೋದ ಎರಡನೇ ತಿಂಗಳಲ್ಲಿ ನನ್ನನ್ನು ಒಂದು ದೊಡ್ಡ ಸ್ಟೇಟರಿನ ಕೆಲಸಕ್ಕೆ ಹಾಕಿದರು. ಪುಟ್ಟ ಏಣಿ ಇಟ್ಟು ಒಳಗೆ ಇಳಿದೆ. ತಲೆಯ ಮೇಲೆ ಇನ್ನೂ ಒಂದು ಗೇಣು ಜಾಗವಿತ್ತು. ಜೊತೆಗಿದ್ದವರು ತೆಗೆದ ಫೋಟೋವನ್ನು ಅಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. ಚೆನ್ನಾಗಿದ್ದೀಯಾ, ಊಟ ಆಯಿತಾ, ಚಳಿಯಾ, ಏನೂ ಇಲ್ಲ.

"ಎಷ್ಟು ಗಾಡಿ ಅದ್ರಲ್ಲಿ?" ಅಂದ.

ಹೇಳಿದೆ. ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಯಾರಿಗೋ ಹೇಳುತ್ತಿದ್ದ, "ಕೇಳ್ದೇನಯ್ಯ? ಒಳಗೆ ನಿಂತ್ಕಂಡವ್ಳೆ ಕಣೋ ನನ್ ಮಗಳು."

ಕರಾರಿನ ಎರಡು ವರ್ಷ ಮುಗಿದು ಈಗ ಇನ್ನೊಂದು ವರ್ಷಕ್ಕೆ ಸಹಿ ಹಾಕಿದ್ದೇನೆ. ಬೇಸಿಗೆ ರಜೆಗೆ ನಮ್ಮನೆಯವರೂ ಮಗಳೂ ಬಂದು ಒಂದು ತಿಂಗಳು ಇದ್ದು ಹೋದರು. ನಮ್ಮನೆಯವರು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ, "ನಿನ್ನ ಎಲ್ರೂ ಮೇಡಂ ಅಂತಾರಲ್ಲೇ" ಅಂದರು. ಅದು ಇಲ್ಲಿಯ ಭಾಷೆಯಲ್ಲಿ ಬೇರೆ ಪದ, ಆದರೆ ಅವರಿಗೆ ಅರ್ಥವಾಗಿತ್ತು.

ಈ ವರ್ಷ ನಾಲ್ಕು ಜನರ ತಂಡವನ್ನು ನನಗೆ ವಹಿಸಿದ್ದಾರೆ. ಇಬ್ಬರು ನೇಪಾಳದವರು, ಒಬ್ಬಳು ಫಿಲಿಪೀನ್ಸಿನವಳು, ಇನ್ನೊಬ್ಬ ಪೋಲೆಂಡಿನವನೇ, ಕಾಲೇಜು ಮುಗಿಸಿ ಬಂದವನು. ಅವನು ಮೊದಮೊದಲು ತಂತಿಯನ್ನು ಬಲವಾಗಿ ಎಳೆಯುತ್ತಿದ್ದ. ನಾನು ಅವನ ಕೈ ಹಿಡಿದು ಎಷ್ಟು ಎಳೆಯಬೇಕು ಅಂತ ತೋರಿಸಿದೆ. ಅಪ್ಪ ನನಗೆ ತೋರಿಸಿದ್ದು ಹಾಗೇ. ನನ್ನ ಮಾತು ತಪ್ಪಾದರೆ ಅವನು ತಿದ್ದುತ್ತಾನೆ, ತಿದ್ದುವಾಗ ಕಿವಿಯವರೆಗೂ ಕೆಂಪಾಗುತ್ತಾನೆ. ಹೋದ ವಾರ ಒಂದು ಪೂರ್ತಿ ಜೋಡಣೆಯನ್ನು ಒಬ್ಬನೇ ಮುಗಿಸಿ ನನ್ನನ್ನು ಕರೆದ. ಎಲ್ಲ ಕಾಯಿಲ್‌ಗಳನ್ನೂ ನೋಡಿ ಸರಿಯಿದೆ ಅಂದೆ, ಅವನ ಭಾಷೆಯಲ್ಲೇ. ಅವನು ತಿದ್ದಲಿಲ್ಲ.